ಬಾವಿಗೆ ಬಿದ್ದ ಎರಡು ಕಲ್ಲುಗಳು

ಹತ್ತನೇ ತರಗತಿ ಮುಗಿಸುವ ವರ್ಷ ನನ್ನ ಚಿಕ್ಕಪ್ಪನ ಮಗಳು, ಪಿಯುಸಿಗೆ ಸಮನಾದ ಇಂಟರ್‌ನಲ್ಲಿ ಗಣಿತದ ಗ್ರೂಪನ್ನೇ ತೆಗೆದುಕೊಳ್ಳುತ್ತೇನೆಂದು ಹಟ ಹಿಡಿದಳು. ಗಡಿಯಾಚೆಯ ತೆಲುಗು ಸೀಮೆಯ ಅಮರಾಪುರದ ಹತ್ತಿರ ಕುರಿ ಸಾಕಿಕೊಂಡಿರುವ ಚಿಕ್ಕಪ್ಪನಿಗೆ ಅದು ಒಪ್ಪಿಗೆಯಿರಲಿಲ್ಲ. ಇವಳು ಓದಿದ್ದು ಕನ್ನಡ ಮೀಡಿಯಂ. ಮಡಕಶಿರದ ಕಾಲೇಜಿನಲ್ಲಿ ಪಾಠವೆಲ್ಲ ತೆಲುಗು, ಇಂಗ್ಲಿಷು. ಫೇಲಾಗಿ ಮನೆಯಲ್ಲಿ ಕೂರುತ್ತಾಳೆಂಬ ಭಯ ಅವರಿಗೆ.

"ಲೆಕ್ಕಕ್ಕೆ ಯಾವ ಭಾಷೆ ಬೇಕಪ್ಪಾ?" ಎಂದಳು.

"ಹಂಗಾರೆ ನಮ್ಮ ಹಾಳುಬಾವಿ ಎಷ್ಟು ಆಳ ಐತೆ ಹೇಳು, ನೋಡಾನ. ಹಗ್ಗ ಬಿಡಂಗಿಲ್ಲ. ಹೇಳಿದ್ರೆ ಅರ್ಜಿಗೆ ಸೈನ್ ಹಾಕ್ತೀನಿ." ಚಿಕ್ಕಪ್ಪ ನಕ್ಕರು. ಅರ್ಜಿ ಕೊಡಲು ಮಾರನೆಯ ದಿನವೇ ಕೊನೆ.

ಡಿಗ್ರಿ ಮುಗಿಸಿದ್ದ ನಾನೇ ಉಪಾಯ ಹೇಳಿಕೊಟ್ಟೆ: ಕಲ್ಲು ಬಿಡು, ತಳ ಮುಟ್ಟುವ ಹೊತ್ತನ್ನು ಅಳೆ, ಆಮೇಲೆ ಸೂತ್ರ ಹಾಕು.

ಕಡಲೆಕಾಯಿ ಹೊಲದ ಮೂಲೆಯ ಬಾವಿ ಅದು, ನೀರು ಬತ್ತಿ ಎಷ್ಟೋ ವರ್ಷವಾಗಿತ್ತು. ನಾನು ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತೆ. ಅವಳು ನಿಂಬೆಹಣ್ಣಿನಷ್ಟು ದಪ್ಪದ ಕಲ್ಲೊಂದನ್ನು ಬಿಟ್ಟಳು. ಎರಡು ಸೆಕೆಂಡಿಗೆ ತಳದಿಂದ ಸದ್ದು ಬಂತು. ಖಚಿತವಾಗಲೆಂದು ಇನ್ನೊಂದು ಬಿಡಲು ಬಗ್ಗಿದಳು. ಅವಳ ಕಾಲಡಿಯ ಚಪ್ಪಡಿ ಕಳಚಿಕೊಂಡಿತು.

ಎದೆ ಅಂಚಿಗೆ ಬಡಿದು, ಎರಡೂ ಕಾಲು ಬಾವಿಯೊಳಗೆ ಜೋತವು. ಫೋನು ಬಿಸಾಡಿ ಅವಳ ರಟ್ಟೆ ಹಿಡಿದುಕೊಂಡೆ. ಕೆಳಗೆ ಚಪ್ಪಡಿ ಧಡಾರೆಂದಿತು. ಹೇಗೆ ಎಳೆದೆನೋ ತಿಳಿಯದು, ಇಬ್ಬರೂ ಮಣ್ಣಿನ ಮೇಲೆ ಬಿದ್ದಿದ್ದೆವು. ನಾನು ಅಳುತ್ತಿದ್ದೆ.

"ಅಕ್ಕಾ, ಅಷ್ಟೇ ಹೊತ್ತು ಕಣಕ್ಕ."

"ಏನೇ ಅದು?"

"ಆ ಚಪ್ಪಡಿ. ಸಣ್ಣ ಕಲ್ಲಿಗೆ ಎಷ್ಟು ಹೊತ್ತಾಯ್ತೋ ಅದಕ್ಕೂ ಅಷ್ಟೇ. ಅಷ್ಟು ದಪ್ಪಂದು ಬೇಗ ಬೀಳಬೇಕಿತ್ತಲ್ವಾ?"

ತೂಕ ಎಷ್ಟಿದ್ದರೂ ಬೀಳುವ ಹೊತ್ತು ಒಂದೇ ಎಂದು ನಾನೂ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಅದರಲ್ಲಿ ಬೆರಗಾಗುವಂಥದ್ದೇನಾದರೂ ಇದೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಇವಳು ಬಾವಿಗೆ ಜೋತುಬಿದ್ದುಕೊಂಡೇ ಅದನ್ನು ಕೇಳಿಸಿಕೊಂಡಿದ್ದಳು. ಆ ಘಳಿಗೆ ಇಂದಿಗೂ ಕಣ್ಣ ಮುಂದೆ ಬರುತ್ತದೆ. ಪ್ರತಿ ಸಲವೂ ಅವಳ ರಟ್ಟೆ ನನ್ನ ಕೈಯಿಂದ ಜಾರಿದಂತಾಗುತ್ತದೆ. ಆಮೇಲೆ 'ಅಷ್ಟೇ ಹೊತ್ತು ಕಣಕ್ಕ' ಎಂಬ ಅವಳ ದನಿ ಕೇಳುತ್ತದೆ, ಮೈ ಜುಮ್ಮೆನ್ನುತ್ತದೆ.

ಸಂಜೆ ಅವಳು ಉತ್ತರ ಹೇಳಿದಳು: "ಅರವತ್ತೈದು ಅಡಿ, ಹೆಚ್ಚುಕಮ್ಮಿ."

ಚಿಕ್ಕಪ್ಪ ಅವಳ ಕೆತ್ತಿಹೋದ ಮೊಣಕೈ ನೋಡಿದರು. ನೇರ ಹೊಲಕ್ಕೆ ಹೋಗಿ ಬಾವಿ ನೋಡಿ ಬಂದರು. ಬಂದವರ ಮುಖದಲ್ಲಿ ರಕ್ತವಿರಲಿಲ್ಲ.

"ಹಗ್ಗ ಬಿಟ್ಟು ನೋಡ್ದೇನಪ್ಪಾ?" ಎಂದಳು ಅವಳು.

"ಹಗ್ಗ ಯಾಕೆ? ಬಾವಿ ಬಾಯಿಗೆ ಮುಳ್ಳು ಎಳೆದು ಬಂದೆ." ಪೆನ್ನಿಗೆ ಕೈ ಚಾಚಿ, ನನ್ನ ಕಡೆ ತಿರುಗಿದರು. "ಇವಳು ಎಲ್ಲಿದ್ರೂ ಬಗ್ಗಿ ನೋಡೋಳೇ ಕಣಮ್ಮ. ಕಾಲೇಜ್ನಾಗೇ ನೋಡ್ಲಿ."