ಎಣಿಸಿ ಹಾರಿಸಿದ ಎರಡು ಗುಂಡು

ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ. ಗಾಳಿಬೀಡಿನಲ್ಲಿ ಕುಶಾಲಪ್ಪನ ಮನೆಯ ಜಗಲಿ. ಇದ್ದವರು ಕುಶಾಲಪ್ಪ, ಅವನ ಹೆಂಡತಿ ಸೀತಮ್ಮ, ನಾನು. ಕಾಫಿ ಮುಟ್ಟುವ ಮೊದಲೇ ಹೇಳಿಬಿಟ್ಟೆ: ಆವತ್ತು ನಿಮ್ಮ ಮನೆಯ ಕೋವಿಯಿಂದ ಎರಡನೆಯ ಗುಂಡು ಕೈತಪ್ಪಿ ಹಾರಿದ್ದಲ್ಲ. ನಾನು ಬೇಕೆಂದೇ, ಎಣಿಸಿ ಹಾರಿಸಿದ್ದು. ತಪ್ಪಿ ಹಾರಿತು ಎಂದು ನಿನ್ನ ತಾಯಿಗೆ ಹೇಳಿದ್ದು ಸುಳ್ಳು.

ಓದುವವರಿಗೆ ಇದನ್ನು ಮೊದಲಿನಿಂದ ಹೇಳಬೇಕು.

ನನ್ನ ತಂದೆ ಸೈನ್ಯದ ಬ್ಯಾಂಡಿನಲ್ಲಿ ಹವಾಲ್ದಾರರಾಗಿದ್ದವರು. ಐದಕ್ಕೆ ಏಳಬೇಕು, ಹಾಸಿಗೆ ಮಡಚಬೇಕು, ಇಂದಿನ ಕೆಲಸ ಇಂದೇ ಮುಗಿಸಬೇಕು. ಹಾಗೆ ಬೆಳೆದವನು ನಾನು, ಇವತ್ತಿಗೂ ಹಾಗೆಯೇ ಬದುಕುತ್ತೇನೆ. ಈ ಒಂದು ಕೆಲಸವನ್ನು ಮಾತ್ರ — ಇಷ್ಟು ವರ್ಷ ಮುಂದೂಡಿದೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಮಡಿಕೇರಿಯಲ್ಲಿ ನಾವು ಮೂವರು ಒಂದು ಬ್ಯಾಂಡ್ ಕಟ್ಟಿದೆವು. ಕುಶಾಲಪ್ಪನದು ಗಿಟಾರ್, ನನ್ನದು ಡ್ರಮ್. ಪಾಲಿಬೆಟ್ಟದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಜೋಸೆಫ್ ಇಂಗ್ಲಿಷ್ ಹಾಡುಗಳನ್ನು ಹಾಡುತ್ತಿದ್ದ. ಪ್ಲಾಂಟರುಗಳ ಬಂಗಲೆಯಿಂದ ಎರವಲು ತಂದ ರಾಕ್ ಅಂಡ್ ರೋಲ್ ಗ್ರಾಮಫೋನ್ ಪ್ಲೇಟುಗಳನ್ನು ಸವೆಯುವಷ್ಟು ಕೇಳಿ ಕಲಿತೆವು. ಕ್ಲಬ್ಬುಗಳಲ್ಲಿ, ಮದುವೆಗಳಲ್ಲಿ ನುಡಿಸಿದೆವು. ಕುಶಾಲಪ್ಪನ ತಂದೆ ನಮ್ಮ ಅಭ್ಯಾಸ ಕೇಳಿ, "ಎಂತ ಮಾರಾಯ ಇದು, ಕೋಳಿಗೂಡಿಗೆ ಕಾಡುಬೆಕ್ಕು ನುಗ್ಗಿದ ಹಾಗೆ?" ಎನ್ನುತ್ತಿದ್ದರು. ಅವನ ತಾಯಿ ಪೂವಮ್ಮ, "ಹುಡುಗ್ರು ಬಡ್ಕೊಳ್ಳಿ ಬಿಡಿ, ನಿಮ್ಮ ಗೊರಕೆಗಿಂತ ಅಡ್ಡಿಯಿಲ್ಲ" ಎಂದು ನಮಗೆಲ್ಲ ಕಡುಬು ಬಡಿಸುತ್ತಿದ್ದರು. ನನ್ನ ತಾಯಿ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ನಾನೂ ಪೂವಮ್ಮನವರನ್ನು ಅವ್ವ ಎಂದೇ ಕರೆಯುತ್ತಿದ್ದೆ.

ತಂದೆಗೆ ಎದೆನೋವು ಶುರುವಾದಾಗ ಕುಶಾಲಪ್ಪ ಗಿಟಾರ್ ಬಿಟ್ಟು ತೋಟಕ್ಕೆ ಮರಳಿದ. ಬ್ಯಾಂಡ್ ಮುರಿಯಿತು. ನಾನು ಮೈಸೂರಿನಲ್ಲಿ ಒಂದು ನಾಟಕದ ತಂಡ ಸೇರಿ, ಪರದೆಯ ಹಿಂದೆ ಕುಳಿತು ಸದ್ದು ಮಾಡುವವನಾದೆ. ತಗಡು ಬಡಿದು ಗುಡುಗು, ತೆಂಗಿನ ಚಿಪ್ಪು ಕುಟ್ಟಿ ಕುದುರೆ. ಅಲ್ಲಿಂದ ಮದರಾಸಿನ ಒಂದು ಸ್ಟುಡಿಯೋ. ಅಲ್ಲಿ ಒಂದು ಚಿತ್ರಕ್ಕೆ ಬೆಟ್ಟದ ನಡುವೆ ಎರಡು ಗುಂಡಿನ ಸದ್ದು ಬೇಕಿತ್ತು. ಅವರ ಬಳಿ ಇದ್ದದ್ದೆಲ್ಲ ಪಟಾಕಿಯಂತೆ ಸತ್ತ ಸದ್ದು. ನಾನು ತರುತ್ತೇನೆ ಎಂದೆ. ಗಾಳಿಬೀಡಿನ ಆ ಅಂಗಳದಲ್ಲಿ ಕೂಗಿದರೆ ಎದುರಿನ ಬೆಟ್ಟ ತಿರುಗಿ ಕೂಗುವುದನ್ನು ನಾನು ಬಲ್ಲೆ.

ಟೇಪ್ ರೆಕಾರ್ಡರ್ ಹೊತ್ತು ನಾನು ಬಂದು ಇಳಿದಾಗ ಕುಶಾಲಪ್ಪನ ತಂದೆ ಮಡಿಕೇರಿಯ ಆಸ್ಪತ್ರೆಯಲ್ಲಿದ್ದರು. ಅವನು ಅಲ್ಲಿಗೆ ಹೊರಟು ನಿಂತಿದ್ದ. ಜೋಡಿನಳಿಗೆಯ ಕೋವಿ ಕೊಟ್ಟು ಒಂದೇ ಮಾತು ಹೇಳಿದ: "ಒಂದೊಂದೇ ಹೊಡಿ. ಜೋಡಿ ಹೊಡೀಬೇಡ. ಗೊತ್ತುಂಟಲ್ಲ?"

ಗೊತ್ತಿತ್ತು. ನಮ್ಮ ಕಡೆ ಗಂಡುಮಗು ಹುಟ್ಟಿದರೆ ಒಂದು ಗುಂಡು. ಮನೆಯಲ್ಲಿ ಸಾವಾದರೆ ಬೆನ್ನಿಗೆ ಬೆನ್ನು ಎರಡು. ಎರಡು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಓಡಿ ಬರುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ.

ಅವ್ವ ಸುತ್ತಲಿನ ಮನೆಗಳಿಗೆ ಮೊದಲೇ ಹೇಳಿ ಕಳಿಸಿದ್ದರು — ಒಂದು ಗುಂಡು ಕೇಳಿದರೆ ಸಿಹಿ ಕೇಳಿಕೊಂಡು ಬರಬೇಡಿ, ನಮ್ಮ ಹುಡುಗ ಸಿನಿಮಾಕ್ಕೆ ಹೊಡೆಯುವುದು ಎಂದು. ಆಮೇಲೆ ಕೆಳಗಿನ ಗದ್ದೆಗೆ ಹೋದರು.

ಮೊದಲು ಒಂದು ಹೊಡೆದೆ. ಚೆನ್ನಾಗಿ ಬಂತು. ಇನ್ನೊಂದು ಹೊಡೆದು, ಟೇಪು ಕತ್ತರಿಸಿ ಎರಡನ್ನೂ ಅಂಟಿಸಬಹುದಿತ್ತು. ಆ ಕೆಲಸ ನನಗೆ ಬರುತ್ತಿತ್ತು. ಆದರೆ ಅಂಟಿಸಿದ ಕಡೆ ಮೊದಲ ಗುಂಡಿನ ಮಾರ್ದನಿ ತುಂಡಾಗುತ್ತದೆ. ಮೊದಲನೆಯದು ಎದುರಿನ ಬೆಟ್ಟದಲ್ಲಿ ಇನ್ನೂ ಉರುಳುತ್ತಿರುವಾಗ ಎರಡನೆಯದು ಅದರ ಮೇಲೆ ಬೀಳಬೇಕು... ಅದನ್ನು ನಾನು ಮನಸ್ಸಿನಲ್ಲಿ ಕೇಳಿಬಿಟ್ಟಿದ್ದೆ. ಒಮ್ಮೆ ಕೇಳಿದ ಮೇಲೆ ಬಿಡಲಾಗಲಿಲ್ಲ. ಡ್ರಮ್ಮಿನವನ ಎಣಿಕೆಯಲ್ಲಿ ನಾಲ್ಕು ಎಣಿಸಿದೆ. ಹಾರಿಸಿದೆ. ಮತ್ತೆ ನಾಲ್ಕು ಎಣಿಸಿದೆ. ಹಾರಿಸಿದೆ.

ಗದ್ದೆಯವರೆಗೆ ಕೇಳಿಸುವುದಿಲ್ಲ ಎಂದುಕೊಂಡೆ — ಇಲ್ಲ, ಅದೂ ಸುಳ್ಳು. ನಾನು ಅವ್ವನನ್ನು ನೆನೆಯಲೇ ಇಲ್ಲ.

ಆಸ್ಪತ್ರೆಯಿಂದ ಗಂಡನ ಹೆಣ ಮನೆಗೆ ಬಂದಿದೆ ಎಂದೇ ಅವರು ತಿಳಿದದ್ದು. ಗದ್ದೆಯ ಬದುವಿನಲ್ಲೇ ಕರಿಮಣಿ ಬಿಚ್ಚಿ ಸೆರಗಿಗೆ ಕಟ್ಟಿಕೊಂಡು ಬಂದರು. ಎದುರು ಬೆಟ್ಟದ ಮನೆಗಳವರು ಓಡಿ ಬಂದು ಅಂಗಳ ತುಂಬುವಷ್ಟರಲ್ಲಿ ಅವ್ವ ಬರಿಗೊರಳಲ್ಲಿ ಮೆಟ್ಟಿಲ ಬಳಿ ನಿಂತಿದ್ದರು. ಒಳಗೆ ಹೆಣವಿರಲಿಲ್ಲ. ಕೋವಿ ಹಿಡಿದ ನಾನಿದ್ದೆ.

"ಕೈ ತಪ್ಪಿತು ಅವ್ವ. ಎರಡನೆಯದು ತಾನಾಗಿ ಹಾರಿತು."

ಅವರು ನನ್ನನ್ನು ಬೈಯಲಿಲ್ಲ. ನನ್ನ ಕೈಯಿಂದ ಕೋವಿ ತೆಗೆದು ಗೋಡೆಗೆ ಒರಗಿಸಿ, "ಗಾಯ ಆಗ್ಲಿಲ್ಲ ಅಲ್ವ ಮಗ?" ಎಂದರು.

ಆ ವಾರದ ಕೊನೆಗೆ ಯಜಮಾನರು ನಡೆದುಕೊಂಡೇ ಮನೆಗೆ ಬಂದರು. ಆದರೆ ಮಳೆಗಾಲ ಮುಗಿಯುವ ಮೊದಲು ತೀರಿಕೊಂಡರು. ಸಾವಿನ ಮನೆಗೆ ನಾನು ಹೋದಾಗ ಅವ್ವ ಮೆಲ್ಲನೆ ಹೇಳಿದರು: "ನಿನ್ನ ಕೈಯಲ್ಲಿ ಆ ಗುಂಡು ಹಾರಿಸಿದ್ದು ನಮ್ಮ ಹಿರಿಯರು. ಎಚ್ಚರ ಕೊಟ್ಟದ್ದು. ನಾನು ಎಚ್ಚರ ತಕ್ಕೊಳ್ಳುದು ಬಿಟ್ಟು ಕರಿಮಣಿ ಬಿಚ್ಚಿದೆ. ಅವ್ರು ಇರುವಾಗ್ಲೇ ಕಳಿಸಿಬಿಟ್ಟೆ."

ಆಗ ಹೇಳಬಹುದಿತ್ತು. ಕೈತಪ್ಪಿ ಹಾರಿದ ಗುಂಡು ಹಿರಿಯರ ಎಚ್ಚರಿಕೆಯಾಗಬಹುದು. ಒಬ್ಬ ಹುಂಬ ಸದ್ದಿನ ಆಸೆಗೆ ಹಾರಿಸಿದ ಗುಂಡು ಬರೀ ಹುಂಬತನ. ನಿಜ ಗೊತ್ತಾಗಿದ್ದರೆ ಅವ್ವ ನನ್ನನ್ನು ಶಪಿಸಿ ಹಗುರಾಗುತ್ತಿದ್ದರು. ನಾನು ಬಾಯಿ ತೆರೆಯಲಿಲ್ಲ. ಮರುದಿನದ ಬಸ್ಸು ಹಿಡಿದೆ.

ಆ ಎರಡು ಗುಂಡಿನ ಸದ್ದನ್ನು ಮದರಾಸಿನಲ್ಲಿ ಕಣ್ಣು ಮುಚ್ಚಿ ಕೇಳಿದರು. ಸಂಗೀತ ನಿರ್ದೇಶಕರು ನನ್ನನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಮೊದಲು ಸದ್ದು ಜೋಡಿಸಿದೆ, ಆಮೇಲೆ ಹಿನ್ನೆಲೆ ಸಂಗೀತ ಬರೆದೆ, ಆಮೇಲೆ ಸ್ವಂತ ಹೆಸರಿನಲ್ಲಿ ರಾಗ ಹಾಕಿದೆ. ನನಗೆ ದಾರಿಯಾದದ್ದು ಗಾಳಿಬೀಡಿನ ಅಂಗಳದ ಆ ಮಧ್ಯಾಹ್ನ. ಅದನ್ನು ಬಿಟ್ಟು ನನ್ನ ಕತೆ ಹೇಳಲು — ಬರುವುದಿಲ್ಲ.

ಅವ್ವ ಆಮೇಲೆ ಬಹಳ ವರ್ಷ ಬದುಕಿದರು. ಯಾವ ಮದುವೆಯಲ್ಲೂ ಹಸೆಯ ಹತ್ತಿರ ಹೋಗುತ್ತಿರಲಿಲ್ಲವಂತೆ. ಕಳೆದ ತಿಂಗಳು ಮಡಿಕೇರಿಯ ಒಂದು ಮದುವೆಯ ಊಟದಲ್ಲಿ, ನನ್ನ ಎದುರಿನ ಸಾಲಿನ ಹೆಂಗಸೊಬ್ಬರು ಮದುಮಗಳಿಗೆ ಹೇಳುವುದು ಕೇಳಿತು: "ಸ್ನಾನ ಮಾಡುವಾಗ್ಲೂ ಕರಿಮಣಿ ತೆಗೀಬೇಡ ಮಗ. ಗಾಳಿಬೀಡಿನ ಪೂವಮ್ಮ ತೆಗ್ದು ಗಂಡನ್ನ ತಿಂದ್ಲು." ಅಕ್ಕಪಕ್ಕದವರು ನಕ್ಕರು. ನಾನು ತಲೆ ತಗ್ಗಿಸಿ ಊಟ ಮುಂದುವರಿಸಿದೆ. ಆ ಊಟ ಪೂರ್ತಿ ಮುಗಿಸಿದೆ ಎಂಬುದನ್ನೂ ಇಲ್ಲಿ ಬರೆಯುತ್ತೇನೆ.

ಭಾನುವಾರ ಜಗಲಿಯಲ್ಲಿ ನಾನು ಹೇಳಿ ಮುಗಿಸಿದ ಮೇಲೆ ಕುಶಾಲಪ್ಪ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದ. ಸೀತಮ್ಮ ಎದ್ದು ಒಳಗೆ ಹೋದರು.

"ಅವ್ವ ಇರುವಾಗ ಹೇಳ್ಬೇಕಿತ್ತು ನೀನು," ಎಂದ.

"ಹೌದು."

"ಈಗ ನಂಗೆ ಹೇಳಿ ಎಂತ ಮಾಡುದು? ನಾನು ಅವ್ವನ್ನ ತಪ್ಪು ಹೇಳ್ದವನಲ್ಲ. ಹೇಳ್ದವ್ರು ಆಚೆ ಬೆಟ್ಟದಲ್ಲಿ ಇದ್ದಾರೆ. ಅವತ್ತು ಓಡಿ ಬಂದ ಮನೆಯವ್ರು. ಅಲ್ಲಿ ಹೋಗಿ ಹೇಳು."

"ನೀನೂ ಬರ್ತೀಯಾ?"

"ಇಲ್ಲ. ನಾನೆಂತಕ್ಕೆ? ಗುಂಡು ಹಾರಿಸುವಾಗ ನನ್ನ ಕರ್ದಿದ್ಯಾ?"

ಹೋದೆ. ಮೊದಲ ಮನೆಯಲ್ಲಿ ಇದ್ದದ್ದು ಮೊಮ್ಮಕ್ಕಳ ಕಾಲದವರು. ಕುರ್ಚಿ ಹಾಕಿ ಕೇಳಿದರು, ನಕ್ಕರು. "ಇಷ್ಟು ಹಳೇದಕ್ಕೆ ನಡ್ಕೊಂಡು ಬಂದ್ರಾ ಸಾರ್?" ಎಂದರು. ನಗಬೇಡಿ ಎನ್ನುವ ಹಕ್ಕು ನನಗಿರಲಿಲ್ಲ. ಎರಡನೆಯ ಮನೆಯಲ್ಲಿ ಒಬ್ಬರು ಕೇಳಿ ಮುಗಿಸಿ, ಬಾಗಿಲು ತೋರಿಸಿದರು. ಕೊನೆಯ ಮನೆ ಗೌರಮ್ಮನವರದು. ಆ ದಿನ ಓಡಿ ಬಂದವರ ಪೈಕಿ ಈಗ ಉಳಿದಿರುವವರು ಅವರೊಬ್ಬರೇ. ಆಗ ಹೊಸ ಮದುಮಗಳು. ಮಂಚದಲ್ಲಿ ಒರಗಿ, ಮಾತು ಮುಗಿಯುವವರೆಗೆ ಕಣ್ಣು ಕದಲಿಸದೆ ನನ್ನನ್ನು ನೋಡಿದರು.

"ಹಾಗಾದ್ರೆ ಪೂವಮ್ಮಕ್ಕನದ್ದು ಎಂತ ತಪ್ಪಿಲ್ಲ?"

"ಇಲ್ಲ. ನನ್ನದು."

"ನಾನು ಇಷ್ಟು ವರ್ಷ ಅವಳ ಮೇಲೆ ಹೇಳ್ಕೊಂಡು ಬಂದೆನಲ್ಲ ಮಾರಾಯ." ಅಡುಗೆಮನೆಯ ಕಡೆ ತಿರುಗಿ ಸೊಸೆಯನ್ನೂ ಮೊಮ್ಮಗಳನ್ನೂ ಕರೆದರು. "ಇನ್ನೊಂದ್ಸಲ ಹೇಳು. ಇವ್ರಿಬ್ರೂ ನನ್ನ ಬಾಯಿಂದ್ಲೇ ಕೇಳಿದ್ದು."

ಅವರಿಬ್ಬರೂ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲ ಬಳಿ ನಿಂತರು. ನಾನು ಎದ್ದು ನಿಂತು, ಮೊದಲಿನಿಂದ ಮತ್ತೆ ಹೇಳಿದೆ.