ಪ್ಲೇಗ್ ಇಲ್ಲವೆಂದು ಬರೆದುಕೊಟ್ಟ ಡಾಕ್ಟರು

ಕುಂಬಾರಕೊಪ್ಪಲಿನ ಡಾಕ್ಟರ್ ಸದಾಶಿವಯ್ಯ ಮೂವತ್ತೊಂದು ವರ್ಷ ಸರ್ಕಾರಿ ವೈದ್ಯರಾಗಿದ್ದರು. ಅವರ ಕೈಗುಣದ ಬಗ್ಗೆ ಬೀದಿಯಲ್ಲಿ ಯಾರೂ ಮಾತಾಡುವುದಿಲ್ಲ. ಸಹಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ರಜೆ ಬೇಕಾದ ಗುಮಾಸ್ತರಿಗೆ ಕಾಮಾಲೆ ಬರೆದುಕೊಡುತ್ತಿದ್ದರು. ಆ ಗುಮಾಸ್ತರು ಕೆಲಸಕ್ಕೆ ಮರಳುವ ದಿನ ಇನ್ನೊಂದು ಸಹಿ ಹಾಕಿ ಅದನ್ನು ವಾಸಿಯೂ ಮಾಡುತ್ತಿದ್ದರು. ನಿವೃತ್ತಿಯಾದ ಮೇಲೆ ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ ಆಯಿತು.

೧೯೯೪ರ ಅಕ್ಟೋಬರ್‌ನಲ್ಲಿ ಅವರ ಅದೃಷ್ಟ ಖುಲಾಯಿಸಿತು. ಸೂರತ್‌ನ ಪ್ಲೇಗ್ ಸುದ್ದಿ ಹಬ್ಬಿ, ವಿದೇಶಕ್ಕೆ ಹೊರಟವರಿಂದ ಟ್ರಾವೆಲ್ ಏಜೆಂಟರು ‘ಪ್ಲೇಗ್ ಇಲ್ಲ’ ಎಂಬ ವೈದ್ಯರ ಪತ್ರ ಕೇಳತೊಡಗಿದ್ದರು. ಸದಾಶಿವಯ್ಯ ಹೆಸರಿನ ಜಾಗ ಖಾಲಿ ಬಿಟ್ಟು ಒಂದು ಕಟ್ಟು ಟೈಪ್ ಮಾಡಿಸಿ, ಮೊದಲೇ ಸಹಿ ಹಾಕಿ ಇಟ್ಟುಕೊಂಡರು. ಸ್ಟೆತಸ್ಕೋಪು ಗೋಡೆಯ ಮೊಳೆಯಿಂದ ಇಳಿಯಲೇ ಇಲ್ಲ.

ಊದುಬತ್ತಿ ವ್ಯಾಪಾರಿ ರುದ್ರಸ್ವಾಮಿ ಸಿಂಗಪುರಕ್ಕೆ ಹೊರಡಬೇಕಿತ್ತು. ಆದರೆ ಎರಡು ದಿನದಿಂದ ಜ್ವರ, ಕಂಕುಳಲ್ಲಿ ಗಡ್ಡೆ. ಹಿಂದಿನ ವಾರ ಗೋದಾಮಿನಲ್ಲಿ ಇಲಿ ಸತ್ತು ಬಿದ್ದಿತ್ತು. ಇಲಿ ಬಿದ್ದರೆ ಪ್ಲೇಗ್ ಬಂತೆಂದೇ ಲೆಕ್ಕ, ಮನೆ ಬಿಡಬೇಕು ಎಂದು ಅಜ್ಜಿಯಿಂದ ಕೇಳಿ ಬೆಳೆದವನು ಅವನು. ಮೂರು ವರ್ಷದ ಮಗಳು ಲಾಸ್ಯಳನ್ನು ಹತ್ತಿರ ಸೇರಿಸದೆ ದೂರ ಮಲಗುತ್ತಿದ್ದ.

“ಸಾರ್, ಪತ್ರ ಆಮೇಲೆ. ಈ ಗಡ್ಡೆ ಒಂಚೂರು ಮುಟ್ಟಿ ನೋಡ್ಬುಡಿ,” ಎಂದು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು ಅಂಗಿ ಬಿಚ್ಚತೊಡಗಿದ.

ಸದಾಶಿವಯ್ಯ ಕುರ್ಚಿ ಸಮೇತ ಹಿಂದೆ ಸರಿದರು. “ಅಲ್ಲೇ ನಿಲ್ರೀ.”

“ಪ್ಲೇಗೇನಾ ಸಾರ್?”

“ಇಲ್ಲ ಅಂತ ಬರೆದಾಗಿದೆ ಕಣ್ರೀ. ಇನ್ನೇನು ಬೇಕು ನಿಮಗೆ?”

“ಇಲ್ಲ ಅಂದ್ಮೇಲೆ ಮುಟ್ಟೋಕೇನು ಸಾರ್?”

ಡಾಕ್ಟರು ಮೂಗಿಗೆ ಟವೆಲ್ ಒತ್ತಿಕೊಂಡು ಪತ್ರದಲ್ಲಿ ಹೆಸರು ತುಂಬಿದರು. ಅದನ್ನು ನೆಲದ ಮೇಲಿಟ್ಟು ಕೊಡೆಯ ತುದಿಯಿಂದ ಬಾಗಿಲಿನತ್ತ ತಳ್ಳಿದರು. ಅವನಿಟ್ಟು ಹೋದ ನೋಟನ್ನು ಮಾತ್ರ ಕೈಯಿಂದಲೇ ಎತ್ತಿಕೊಂಡರು.

ರುದ್ರಸ್ವಾಮಿ ಪತ್ರ ಜೇಬಿಗಿಟ್ಟುಕೊಂಡು ನೇರ ದೊಡ್ಡಾಸ್ಪತ್ರೆಗೆ ಹೋದ. ಡ್ಯೂಟಿಯಲ್ಲಿದ್ದ ಲೇಡಿ ಡಾಕ್ಟರು ಗಡ್ಡೆಯನ್ನು ಒತ್ತಿ ನೋಡಿ, “ಬರೀ ಕುರು. ಕೀವು ತುಂಬಿದೆ,” ಎಂದು ಸೀಳಿ ಪಟ್ಟಿ ಕಟ್ಟಿದರು. ಆ ಸಂಜೆ ಲಾಸ್ಯ ಅಪ್ಪನ ತೊಡೆಯ ಮೇಲೆ ಕೂತು ಉಂಡಳು. ಮುಂದಿನ ವಾರ ಅವನು ವಿಮಾನ ಹತ್ತಿದ್ದು ಸದಾಶಿವಯ್ಯನವರ ಪತ್ರದ ಮೇಲೆಯೇ.

ಎಂಟು ವರ್ಷದ ನಂತರವೂ ಡಾಕ್ಟರಿಗೆ ಆ ತಿಂಗಳ ಬಗ್ಗೆ ಹೆಮ್ಮೆ. ಒಂದು ದಿನ ಕ್ಲಿನಿಕ್ಕಿಗೆ ಬಂದವರೆದುರು ಹೇಳುತ್ತಿದ್ದರು: “ಎಷ್ಟು ಜನಕ್ಕೆ ಕೊಟ್ಟೆ, ಒಬ್ಬರಿಗಾದ್ರೂ ಪ್ಲೇಗ್ ಬಂತೇನ್ರೀ? ಆ ಊದುಬತ್ತಿಯವನು ಸುಮ್ಮನೆ ಹೆದರ್ಕೊಂಡಿದ್ದ. ನೋಡಿದ ಕೂಡಲೇ ಹೇಳ್ಬುಟ್ಟೆ, ಏನೂ ಇಲ್ಲ ಹೋಗಯ್ಯ ಅಂತ.”

“ಅವನು ಹೋದ್ಮೇಲೆ ಮೂರು ಸಲ ಫಿನಾಯಿಲ್ ಹಾಕ್ಸಿದ್ರಲ್ಲ, ಅದನ್ನೂ ಹೇಳಿ,” ಎಂದರು ಒಳಗಿನಿಂದ ಅವರ ಹೆಂಡತಿ ಮಂಜುಳಮ್ಮ.