ಸುರಂಗದ ಕಟ್ಟಕ್ಕೊಂದು ಗಟ್ಟಿ ಗೆರೆ

ನೀರು ಹೋದದ್ದು ದೇವಕಿಯಕ್ಕನ ಮನೆಯದು. ಆಟ ಆಡಿದವರು ಬೇರೆ ಯಾರೋ. ಈ ಬೇಸಿಗೆಯಲ್ಲಿ ಗುಡ್ಡದ ಬುಡದ ಮೂರು ಮನೆಗಳ ಹೆಂಗಸರು ಕೊಡಪಾನ ಹಿಡಿದು ರಸ್ತೆಯ ಬದಿಯಲ್ಲಿ ಪಂಚಾಯತಿನ ನೀರಿನ ಲಾರಿಗಾಗಿ ಕಾದು ನಿಂತಿದ್ದರೆ ಅದಕ್ಕೆ ಕಾರಣ ಮಳೆಯ ಮುನಿಸಲ್ಲ, ಕೊಳವೆಬಾವಿಗಳ ದಾಹವೂ ಅಲ್ಲ. ಮೊಬೈಲಿನಲ್ಲಿ ಆಡುವ ಒಂದು ಸಾಹಸದ ಆಟ, ಮತ್ತು ಆ ಆಟದ ಹಿನ್ನೆಲೆಗೆಂದು ಕೈಯಲ್ಲೇ ಬರೆದ ಅತ್ಯಂತ ಸುಂದರವಾದ ಒಂದು ಚಿತ್ರ. ಈ ವಾಕ್ಯವನ್ನು ನಾನೇ ಬರೆದು, ನಾನೇ ಓದಿ, ನಾನೇ ದಿಗ್ಭ್ರಮೆಗೊಂಡು ಕುಳಿತಿದ್ದೇನೆ.

ಸಾಹಸಕ್ಕೂ ನನಗೂ ಇರುವ ನಂಟು ಅತ್ಯಲ್ಪ. ಅಗಲಗೊಳ್ಳುತ್ತಲೇ ಇರುವ ರಾಷ್ಟ್ರೀಯ ಹೆದ್ದಾರಿಯನ್ನು ಕಾಸರಗೋಡಿನಲ್ಲಿ ಕಾಲ್ನಡಿಗೆಯಿಂದ ದಾಟಿದ್ದೇ ಇತ್ತೀಚಿನ ನನ್ನ ಪರಮ ಪರಾಕ್ರಮ. ಉಳಿದಂತೆ ನಾನು ಮನವಿಪತ್ರಗಳ ಹೆಂಗಸು. ಗುಡ್ಡ ಅಗೆದರೆ ಒಂದು ಮನವಿ, ಬಸ್ಸಿನ ಬೋರ್ಡಿನಲ್ಲಿ ಕನ್ನಡ ಕಾಣೆಯಾದರೆ ಇನ್ನೊಂದು. ಸರಕಾರಿ ಕಚೇರಿಗಳ ಗೆದ್ದಲುಗಳ ಪೋಷಣೆಯಲ್ಲಿ ನನ್ನ ಗದ್ಯದ ಕೊಡುಗೆ ಗಣನೀಯವೆಂದೇ ನಂಬಿದ್ದೇನೆ. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗಲೂ ಮಕ್ಕಳಿಗೆ ಕಾಗುಣಿತದ ಜೊತೆಗೆ ಪ್ರತಿಭಟನೆಯನ್ನೂ ಕಲಿಸಲು ಹವಣಿಸಿದವಳು ನಾನು. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಪ್ರತಿಭಟನೆಯ ಬದಲು ಚಿತ್ರ ಬರೆಯುತ್ತಿದ್ದ ಒಬ್ಬಳಿದ್ದಳು, ಲವೀನಾ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಂಗಳದಾಚೆಗೆ ತುಳು, ಸಂತೆಯಲ್ಲಿ ಮಲಯಾಳ ಮಾತಾಡುತ್ತ ಬೆಳೆದ ಆ ಹುಡುಗಿ ಇಷ್ಟೂ ಭಾಷೆಗಳಲ್ಲಿ ಮೌನಿಯಾಗಿದ್ದು, ಪೆನ್ಸಿಲಿನಲ್ಲಿ ಮಾತ್ರ ವಾಚಾಳಿಯಾಗಿದ್ದಳು.

ಚಿತ್ರಕಲೆಯನ್ನೇ ಓದಿ ಊರಿಗೆ ಮರಳಿದ ಲವೀನಾಳಿಗೆ ದೂರದ ನಗರದ ಕಂಪನಿಯೊಂದು ಕೆಲಸ ಕೊಟ್ಟಿತು. ಅವರು ತಯಾರಿಸುತ್ತಿದ್ದ ಆಟದ ನಾಯಕಿ ಕರಾವಳಿಯ ಊರುಗಳಲ್ಲಿ ಅಲೆಯುತ್ತ ಒಗಟು ಬಿಡಿಸುತ್ತ ಕಳೆದುಹೋದ ಒಂದು ಪೆಟ್ಟಿಗೆಯನ್ನು ಹುಡುಕಬೇಕು. ಅವಳು ನಡೆಯುವ ದಾರಿ, ಮನೆ, ಗುಡ್ಡ, ಕತ್ತಲು ಎಲ್ಲವನ್ನೂ ಲವೀನಾ ಬರೆದುಕೊಡಬೇಕು. ಮೊದಲು ಇವಳು ಕಂಪ್ಯೂಟರಿನಲ್ಲೇ ಬರೆದು ಕಳಿಸಿದ ಚಿತ್ರಗಳು ಎಷ್ಟು ನುಣುಪಾಗಿದ್ದವೆಂದರೆ, ಇವು ಎಲ್ಲರ ಆಟದಲ್ಲೂ ಇರುವಂಥವೇ, ನಮಗೆ ಕೈ ಕಾಣಬೇಕು ಎಂದು ಅವರು ಹಿಂದಕ್ಕೆ ಕಳಿಸಿದರು. ಕೈ ಕಾಣಬೇಕು! ಇಂಥ ಉದಾತ್ತ ವಾಕ್ಯ ಒಂದು ಕಂಪನಿಯ ಬಾಯಿಂದ ಬಂದದ್ದಕ್ಕೆ ಆಗ ನಾನು ಹಿಗ್ಗಿದ್ದೆ.

ಲವೀನಾ ಕಾಗದದ ಕಟ್ಟು ಹಿಡಿದು ಹೋಗಿ ಕುಳಿತದ್ದು ತನ್ನ ಮನೆಯ ಹಿಂದಿನ ಗುಡ್ಡದಲ್ಲಿದ್ದ ಸುರಂಗದ ಬಾಯಲ್ಲಿ. ದೂರದ ಓದುಗರಿಗಾಗಿ ಒಂದು ಮಾತು: ಮಂಜೇಶ್ವರದಿಂದ ಮೂಡಣಕ್ಕೆ ಹೋದರೆ ಮುರಕಲ್ಲಿನ, ಅಂದರೆ ತೂತುತೂತಾದ ಕೆಂಪು ಜಂಬಿಟ್ಟಿಗೆಯ, ಗುಡ್ಡಗಳಲ್ಲಿ ಬಾವಿಯನ್ನು ಕೆಳಕ್ಕೆ ತೋಡುವ ಬದಲು ಅಡ್ಡಕ್ಕೆ ಕೊರೆದುಕೊಂಡು ಹೋಗುವ ಪದ್ಧತಿಯಿದೆ. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟೇ ಅಗಲದ ಆ ಗುಹೆಯ ಗೋಡೆಗಳಿಂದ ಒಸರುವ ನೀರಿಗೆ ಒಳಗೆ ಮಣ್ಣಿನ ಒಂದು ಪುಟ್ಟ ಕಟ್ಟವನ್ನು ಅಡ್ಡ ಕಟ್ಟಿ ನಿಲ್ಲಿಸಿ, ಅಲ್ಲಿಂದ ಪೈಪಿನಲ್ಲಿ ಮನೆಯ ತೊಟ್ಟಿಗೆ ಇಳಿಸುತ್ತಾರೆ. ಈ ಸುರಂಗ ದೇವಕಿಯಕ್ಕನ ಮಾವನ ಕಾಲದ್ದು. ದೇವಕಿಯಕ್ಕನ ಮನೆ, ಲವೀನಾಳ ಮನೆ, ಪಕ್ಕದ ಇನ್ನೊಂದು ಮನೆ, ಮೂರಕ್ಕೂ ಅದೇ ನೀರು. ಒಳಗೆ ಹೋದವರು ಯಾರೇ ಇರಲಿ, ಬರುವಾಗ ಒಂದು ಹಿಡಿ ಜೇಡಿಮಣ್ಣನ್ನು ಕಟ್ಟದ ಮೇಲೆ ಮೆತ್ತಿ ಬರಬೇಕೆಂಬುದು ಅಲ್ಲಿನ ರೂಢಿ. ಲವೀನಾ ಬಾಲ್ಯದಲ್ಲಿ ಸುರಂಗದೊಳಗೆ ಮಾಡಿದ ಏಕೈಕ ಕೆಲಸ ಅದು.

ಅಲ್ಲಿ ಕುಳಿತು ಅವಳು ಒಂದು ಶೈಲಿಯನ್ನೇ ಕಂಡುಕೊಂಡಳು. ಮುರಕಲ್ಲಿನ ಕೆಂಪು ಮಣ್ಣನ್ನೇ ನೀರಲ್ಲಿ ಕಲಸಿ ಬಣ್ಣ ಮಾಡಿದಳು. ಕಲ್ಲಿನ ತೂತುಗಳಿಗೆ ತೆಂಗಿನ ನಾರಿನ ತುದಿಯನ್ನು ಶಾಯಿಯಲ್ಲಿ ಅದ್ದಿ ಒತ್ತಿದಳು. ಕತ್ತಲನ್ನು ಕಪ್ಪಿನಿಂದ ತುಂಬದೆ ಗೆರೆಯ ಮೇಲೆ ಗೆರೆ ಎಳೆದು ಆಳಗೊಳಿಸಿ, ನೀರಿನ ಹೊಳಪಿಗೆ ಬರಿಯ ಕಾಗದವನ್ನೇ ಬಿಟ್ಟಳು. ಆದರೆ ಆಟದ ಚಿತ್ರಕ್ಕೆ ಗೋಡೆಯ ಚಿತ್ರಕ್ಕಿಲ್ಲದ ಒಂದು ಸಂಕಟವಿದೆ. ನೋಡುವವನು ಬರಿದೇ ನೋಡಿ ತೃಪ್ತನಾಗುವುದಿಲ್ಲ, ಬೆರಳಿನಿಂದ ಮುಟ್ಟುತ್ತಾನೆ. ಯಾವುದನ್ನು ಮುಟ್ಟಬೇಕೆಂದು ಚಿತ್ರವೇ ಅವನಿಗೆ ಹೇಳಬೇಕು. ಬೇರೆ ಆಟಗಳಲ್ಲಿ ಅಂಥ ವಸ್ತುಗಳು ಮಿಣಮಿಣ ಮಿನುಗುತ್ತವಂತೆ. ಲವೀನಾ ಮಿನುಗನ್ನು ಒಲ್ಲೆನೆಂದಳು. ಇಡೀ ಚಿತ್ರವನ್ನು ಬಿಡಿಬಿಡಿಯಾದ, ಅಲ್ಲಲ್ಲಿ ತುಂಡಾಗುವ ಗೆರೆಗಳಲ್ಲಿ ಬರೆದು, ಮುಟ್ಟಬೇಕಾದ ವಸ್ತುವಿಗೆ ಮಾತ್ರ ಎಲ್ಲೂ ಕಡಿಯದ ಗಟ್ಟಿ ಗೆರೆಯನ್ನು ಸುತ್ತ ಎಳೆದಳು. ನೋಡಿದೊಡನೆ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ನನ್ನ ಬೆರಳೂ ಹೋಯಿತು. ಕಂಪನಿಯವರು ಸಂತೋಷಪಟ್ಟು ಇಡೀ ಆಟಕ್ಕೆ ಇದೇ ಶೈಲಿ ಎಂದು ವಿಧಿಸಿದರು.

ಸುರಂಗದ ಚಿತ್ರದಲ್ಲಿ ಲವೀನಾ ಆ ಗಟ್ಟಿ ಗೆರೆಯನ್ನು ಎಳೆದದ್ದು ಮಣ್ಣಿನ ಕಟ್ಟಕ್ಕೆ. ಬೇರೆಯದಕ್ಕೆ ಎಳೆಯಲು ಅವಳಿಂದ ಸಾಧ್ಯವೇ ಇರಲಿಲ್ಲ. ಸುರಂಗದಲ್ಲಿ ಮುಟ್ಟಬೇಕಾದದ್ದು ಕಟ್ಟ, ಮುಟ್ಟುವುದೆಂದರೆ ಮಣ್ಣು ಮೆತ್ತುವುದು. ಇದನ್ನು ಬಾಯಿಬಿಟ್ಟು ವಿವರಿಸಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ನಗರದಲ್ಲಿ ಕುಳಿತು ಒಗಟು ಹೆಣೆಯುವವರಿಗೆ ಮುಟ್ಟುವುದೆಂದರೆ ಒಡೆಯುವುದು. ಬೆರಳಿಟ್ಟರೆ ಕಟ್ಟ ಒಡೆದು, ನೀರು ಹರಿದು, ತಳದ ಕೆಸರಿನಲ್ಲಿ ಬೀಗದ ಕೈ ಸಿಗುವಂತೆ ಅವರು ಆಟ ಕಟ್ಟಿದರು. ಚಿತ್ರದ ಹಿಂದೆ ಲವೀನಾ ನೆನಪಿಗೆಂದು ಬರೆದಿದ್ದ ಊರಿನ ಹೆಸರನ್ನು ಎತ್ತಿ ಆಟದ ಭೂಪಟದಲ್ಲಿ ಹಾಗೆಯೇ ನಮೂದಿಸಿದರು. ಅವಳನ್ನು ಕೇಳಲಿಲ್ಲ, ದೇವಕಿಯಕ್ಕ ಎಂಬೊಬ್ಬರು ಈ ಭೂಮಿಯ ಮೇಲಿದ್ದಾರೆಯೇ ಎಂದು ಯೋಚಿಸಲೂ ಇಲ್ಲ. ಆ ಊರಿನ ಹೆಸರನ್ನು ನಾನಿಲ್ಲಿ ಬರೆಯದಿರುವುದು ಮರೆವಿನಿಂದಲ್ಲ.

ಆಟ ಬಿಡುಗಡೆಯಾಯಿತು, ಯಾರೋ ಚಿತ್ರಕ್ಕೂ ಗುಡ್ಡಕ್ಕೂ ತಾಳೆ ನೋಡಿ, ನಿಜವಾದ ಸುರಂಗ ಸಿಕ್ಕಿತೆಂದು ವಿಡಿಯೊ ಹಾಕಿದರು. ಮಂಗಳೂರಿನ ಕಡೆಯಿಂದಲೂ ಕಾಞಂಗಾಡಿನ ಕಡೆಯಿಂದಲೂ ಬೈಕುಗಳು ಬಂದವು. ಬಂದವರು ಪುಂಡರೇನಲ್ಲ, ಅಂಗಳ ದಾಟುವಾಗ ಚಪ್ಪಲಿ ಕಳಚಿದವರೂ ಇದ್ದರಂತೆ. ಆದರೆ ಒಳಗೆ ಹೋಗಿ ಕಟ್ಟವನ್ನು ಕಂಡೊಡನೆ, ಆಟದಲ್ಲಿ ಪಳಗಿದ ಕೈ ಅಲ್ಲಿಗೇ ಹೋಯಿತು. ಕಟ್ಟ ಒಡೆಯಿತು. ಬೇಸಿಗೆಗೆಂದು ಹನಿಹನಿಯಾಗಿ ಕೂಡಿದ್ದ ನೀರು ಅಂಗಳದಲ್ಲಿ ಹರಿದು ಇಂಗಿತು. ಕದಡಿದ ಕೆಸರು ಪೈಪನ್ನು ತುಂಬಿತು. ಮತ್ತೆ ಕಟ್ಟಿದರು, ಮತ್ತೆ ಯಾರೋ ಬಂದು ಒಡೆದರು. ಆ ಹಳೆಯ ಸುರಂಗದ ಚಾವಣಿ ಗುಂಪಿನ ಗದ್ದಲಕ್ಕೆ ಕುಸಿದಿದ್ದರೆ ಈ ಪ್ರಬಂಧದ ಧಾಟಿಯೇ ಬೇರೆಯಾಗುತ್ತಿತ್ತು.

ಸುದ್ದಿ ತಿಳಿದು ನಾನು ಹೊರಟೆ. ಹೋರಾಟಗಾರ್ತಿ ಬರಿಗೈಯಲ್ಲಿ ಹೋಗುವುದುಂಟೇ? ‘ಮುಟ್ಟಬಾರದು’ ಎಂದು ಕನ್ನಡ, ಮಲಯಾಳ, ಇಂಗ್ಲಿಷುಗಳಲ್ಲಿ ಬರೆಸಿದ ತಗಡಿನ ಬೋರ್ಡೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಕಂಡಕ್ಟರನಿಂದ ಅದಕ್ಕೂ ಟಿಕೇಟು ಬೇಕೇ ಎಂದು ಕೇಳಿಸಿಕೊಂಡು, ಗುಡ್ಡ ಹತ್ತಿದೆ. ಸುರಂಗದ ಬಾಯಲ್ಲಿ ದೇವಕಿಯಕ್ಕ ಮಣ್ಣು ಕಲಸುತ್ತಿದ್ದರು. ಪಕ್ಕದಲ್ಲಿ ಲವೀನಾ, ಮೊಣಕೈವರೆಗೆ ಕೆಸರು.

“ನಿನ್ನ ಚಿತ್ರ ಚಂದ ಉಂಟು ಮಾರಾಯ್ತಿ,” ಎನ್ನುತ್ತಿದ್ದರು ದೇವಕಿಯಕ್ಕ. “ಸ್ವಲ್ಪ ಕೆಟ್ಟದಾಗಿ ಬರೆದಿದ್ದರೆ ಇಷ್ಟು ಜನ ಬರುತ್ತಿರಲಿಲ್ಲ.”

ನಾನು ಬೋರ್ಡನ್ನು ಸಗರ್ವವಾಗಿ ಎತ್ತಿ ಹಿಡಿದೆ. ಮನೆಯಲ್ಲಿ ತುಳು ಮಾತಾಡುವ ದೇವಕಿಯಕ್ಕ ನನಗಾಗಿ ಕನ್ನಡದಲ್ಲಿ ಅದನ್ನು ಅಕ್ಷರ ಕೂಡಿಸಿ ಓದಿದರು.

“ಇದು ಎಂತಕ್ಕೆ ಟೀಚರೇ? ಮುಟ್ಟದಿದ್ದರೆ ಕಟ್ಟ ಒಂದು ಮಳೆಗಾಲ ನಿಲ್ಲುವುದಿಲ್ಲ. ನಾಳೆ ನಮ್ಮ ಮಕ್ಕಳೂ ಇದನ್ನು ಓದಿ ಕೈ ಕಟ್ಟಿ ನಿಂತರೆ ಮಣ್ಣು ಮೆತ್ತುವುದು ಯಾರು, ನೀವು ಕಾಸರಗೋಡಿನಿಂದ ಬರ್ತೀರಾ?”

ನನ್ನ ಜೀವಮಾನದ ಅತ್ಯಂತ ಭಾರವಾದ ವಸ್ತು ಆ ತಗಡು ಎಂದು ಆಗ ಅನ್ನಿಸಿತು. ನಿಷೇಧಿಸುವುದರಲ್ಲಿ ನಾವು ಸುಧಾರಕರು ಎಷ್ಟು ನಿಪುಣರೆಂದರೆ, ಕೆಡಿಸುವ ಕೈಯನ್ನು ತಡೆಯುವ ಭರದಲ್ಲಿ ಕಟ್ಟುವ ಕೈಯನ್ನೂ ಹಿಂದಕ್ಕೆ ತಳ್ಳಿಬಿಡುತ್ತೇವೆ. ಜಗತ್ತಿನಲ್ಲಿ ಎಷ್ಟೋ ವಸ್ತುಗಳು ಉಳಿದಿರುವುದು ಯಾರೂ ಮುಟ್ಟದಿರುವುದರಿಂದಲ್ಲ, ಎಲ್ಲರೂ ದಿನವೂ ಒಂದಿಷ್ಟು ಮುಟ್ಟುವುದರಿಂದ.

ಆಮೇಲೆ ಲವೀನಾ ನನ್ನೆದುರೇ ಕಂಪನಿಗೆ ಫೋನು ಮಾಡಿದಳು. ಅವರ ಸೌಜನ್ಯ ಅಪಾರ. ಆಟಗಾರರು ಸ್ಥಳವನ್ನು ಹುಡುಕಿಕೊಂಡು ಬರುವಷ್ಟು ತಲ್ಲೀನರಾದದ್ದು ನಿನ್ನ ಶೈಲಿಯ ವಿಜಯವೆಂದು ಅಭಿನಂದಿಸಿದರು. ಒಡೆದ ಕಟ್ಟದ ಒಂದೆರಡು ಫೋಟೊ ಇದ್ದರೆ ಕಳಿಸು, ಪ್ರಚಾರಕ್ಕೆ ಬಳಸುತ್ತೇವೆ ಎಂದೂ ಕೇಳಿದರು. ನಾನು ಬಹಳಷ್ಟು ಅನ್ಯಾಯಗಳನ್ನು ಕಂಡಿದ್ದೇನೆ. ಅನ್ಯಾಯದ ಭಾವಚಿತ್ರ ಕೇಳಿದ್ದನ್ನು ಕಂಡದ್ದು ಇದೇ ಮೊದಲು.

ಲವೀನಾ ಫೋನು ಇಟ್ಟು ಮತ್ತೆ ಮಣ್ಣಿಗೆ ಕೈ ಹಾಕಿದಳು. “ಟೀಚರ್, ಗೆರೆ ತಪ್ಪಲ್ಲ,” ಎಂದಳು. “ಮುಟ್ಟಿದ ಮೇಲೆ ಎಂತ ಆಗಬೇಕು ಅಂತ ನಾನೇ ಬರೆದು ಕೊಡಬೇಕಿತ್ತು.”

ಅದನ್ನು ಈಗ ಬರೆದಿದ್ದಾಳೆ. ಒಂದೇ ಕಟ್ಟದ ಚಿತ್ರಗಳ ಒಂದು ಮಾಲಿಕೆ: ಬೆರಳಿಟ್ಟರೆ ಒಂದು ಹಿಡಿ ಮಣ್ಣು ಬಂದು ಕೂರುತ್ತದೆ, ಮತ್ತೆ ಇಟ್ಟರೆ ಇನ್ನೊಂದು ಹಿಡಿ; ನೀರು ಕಟ್ಟದ ಹಿಂದೆ ಮೆಲ್ಲಗೆ ಏರುತ್ತದೆ, ಏರಿದ ನೀರಿನಲ್ಲಿ ಬೀಗದ ಕೈ ತಾನಾಗಿ ತೇಲಿ ಬರುತ್ತದೆ. ಲೋಹ ತೇಲುವುದಿಲ್ಲವೆಂದು ನಾನು ಆಕ್ಷೇಪಿಸಿದ್ದಕ್ಕೆ, ಬೀಗದ ಕೈ ಮರದ್ದು ಎಂದು ತಿದ್ದಿದಳು. ದೇವಕಿಯಕ್ಕ ಆ ಚಿತ್ರಗಳನ್ನು ನೋಡಿ, ಮಣ್ಣು ಮೆತ್ತುವ ಕೈಯ ಹೆಬ್ಬೆರಳು ಸರಿಯಾಗಿ ಬಿದ್ದಿಲ್ಲವೆಂದು ಒಂದನ್ನು ವಾಪಸು ಕೊಟ್ಟರು. ತಿದ್ದಿದ ಮಾಲಿಕೆ ಕಂಪನಿಗೆ ತಲುಪಿದೆ, ಉತ್ತರ ಬಂದಿಲ್ಲ. ದೇವಕಿಯಕ್ಕನ ಪೈಪಿನಲ್ಲಿ ಇನ್ನೂ ಕೆಸರು ಬರುತ್ತಿದೆ.

ಆದ್ದರಿಂದ, ಆಟದ ಕಂಪನಿಯ ಮಾನ್ಯ ನಿರ್ವಾಹಕರೇ, ಈ ಪ್ರಬಂಧದ ಉಳಿದ ಭಾಗವನ್ನು ನೀವು ಓದದಿದ್ದರೂ ಇದನ್ನು ಓದಿ. ನಿಮ್ಮ ಭೂಪಟದಿಂದ ಆ ಊರಿನ ಹೆಸರನ್ನು ಇವತ್ತೇ ಅಳಿಸಿ. ಕಟ್ಟ ಒಡೆಯುವ ಒಗಟನ್ನು ಆಟದಿಂದ ಕಿತ್ತು, ಲವೀನಾ ಕಳಿಸಿರುವ ಚಿತ್ರಗಳನ್ನು ಆ ಜಾಗದಲ್ಲಿ ಅವಳ ಹೆಸರಿನೊಂದಿಗೆ ಕೂರಿಸಿ. ಇಲ್ಲಿಗೆ ಬಂದು ದೇವಕಿಯಕ್ಕನ ಅಂಗಳದಲ್ಲಿ ನಿಂತು ಕ್ಷಮೆ ಕೇಳಿ. ಕೇಳಿದ ಮೇಲೆ ಬಗ್ಗಿ ಒಳಗೆ ಹೋಗಿ, ನಿಮ್ಮ ಕೈಯಿಂದಲೇ ಒಂದು ಹಿಡಿ ಮಣ್ಣನ್ನು ಆ ಕಟ್ಟದ ಮೇಲೆ ಮೆತ್ತಿ ಬನ್ನಿ.